ಕವಣೆಗಾರನ ಎಡಗೈ

ಕವಣೆಯೆಂದರೇನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಜೋಳದ ತೆನೆಗೆ ಹಾಲು ತುಂಬುವ ಕಾಲದಲ್ಲಿ ಅಟ್ಟಣೆಯೇರಿ ಹಕ್ಕಿ ಕಾಯುವವರ ಕೈಯಲ್ಲಿ ಅದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಗಡಿಯ ಈಚೆಗೆ ನೆಲಸಿರುವ ನಾವು ಅದರ ನಾಲ್ಕಾರು ಹೆಸರುಗಳನ್ನೂ ಬಲ್ಲೆವು. ನಮ್ಮ ಕವಣೆಯೇ ತಮಿಳರಿಗೆ ಕವಣ್, ಮಲೆಯಾಳದವರಿಗೆ ಕವಣ. ತೆಲುಗರು ಅದನ್ನು ಒಡಿಸೆಲ ಎನ್ನುತ್ತಾರೆ, ಮರಾಠಿಗರು ಗೋಫಣ ಎನ್ನುತ್ತಾರೆ. ಈ ಕೊನೆಯ ಹೆಸರಿನ ಹಿರಿಯ ರೂಪವಾದ ‘ಗೋಷ್ಪಣ’ವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಇದೆ. ಆಯುಧಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿ, ಕಲ್ಲಿನ ಆಯುಧಗಳ ಸಾಲಿನಲ್ಲಿ ಕವಣೆಗಲ್ಲೂ ಎಣಿಕೆಗೆ ಬಂದಿದೆ. ಗಿಳಿ ಗುಬ್ಬಿಗಳನ್ನೋಡಿಸುವ ಈ ಹಗ್ಗದ ತುಂಡು ಒಂದು ಕಾಲಕ್ಕೆ ರಾಜರ ಆಯುಧಶಾಲೆಯಲ್ಲಿ ಸ್ಥಾನ ಪಡೆದಿದ್ದಿತು.

ಈ ಹಗ್ಗದ ತುಂಡಿನ ವಿಷಯವಾಗಿ ಪ್ರಾಚೀನ ಇತಿಹಾಸದಲ್ಲಿ ಸಣ್ಣದೊಂದು ಸಮಸ್ಯೆಯಿದೆ. ಈ ತಿಂಗಳು ಅದನ್ನು ವಾಚಕರ ಮುಂದಿಡಬಯಸುತ್ತೇವೆ. ರೋಮ್ ನಗರದಲ್ಲಿ ಟ್ರೇಜನ್ ಚಕ್ರವರ್ತಿಯ ವಿಜಯಸ್ತಂಭವೊಂದು ಇಂದಿಗೂ ನಿಂತಿದೆ. ಇಂದಿನ ರುಮೇನಿಯ ದೇಶದಲ್ಲಿ ಸೇರಿಹೋಗಿರುವ ಡೇಸಿಯವನ್ನು ಆತನು ಎರಡು ಯುದ್ಧಗಳಲ್ಲಿ ಗೆದ್ದುದರ ನೆನಪಿಗಾಗಿ ಕ್ರಿ.ಶ. ೧೧೩ರಲ್ಲಿ ಪೂರ್ಣಗೊಂಡ ಸ್ತಂಭವದು. ಸುಮಾರು ೩೦ ಮೀಟರು ಎತ್ತರದ ಆ ಕಂಬಕ್ಕೆ, ಬಳ್ಳಿ ಹಬ್ಬಿದಂತೆ, ಬುಡದಿಂದ ತುದಿಯವರೆಗೆ ಶಿಲ್ಪದ ಪಟ್ಟಿಯೊಂದು ಸುತ್ತಿಕೊಂಡಿದೆ. ಎರಡು ಸಾವಿರಕ್ಕೂ ಮಿಕ್ಕಿದ ಮನುಷ್ಯಾಕೃತಿಗಳ ಆ ಸಂದಣಿಯಲ್ಲಿ ಕವಣೆಗಾರರೂ ಇದ್ದಾರೆ. ಅವರಿಗೆ ಕವಚವಿಲ್ಲ, ತಲೆಗೆ ಶಿರಸ್ತ್ರಾಣವಿಲ್ಲ. ಮೈಮೇಲೆ ಗಿಡ್ಡ ಅಂಗಿ, ಅದರ ಮೇಲೊಂದು ಹೊದಿಕೆ. ಹೊದಿಕೆಯ ಸೆರಗನ್ನು ಎಡಗೈಯಿಂದ ಮಡಿಲಿನಂತೆ ಹಿಡಿದು ಅದರಲ್ಲಿ ಕಲ್ಲು ತುಂಬಿಕೊಂಡಿದ್ದಾರೆ. ಬಲಗೈ ಕವಣೆ ಬೀಸಲು ಹಿಂದಕ್ಕೆ ಹೋಗಿದೆ. ಇಷ್ಟು ಬರಿಮೈಯವರಾದರೂ ಅದೇ ಎಡಗೈಯಲ್ಲಿ ಒಂದು ಗುರಾಣಿಯುಂಟು.

ಈ ಚಿತ್ರವನ್ನು ತೋರಿಸಿದಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: “ದೂರದಿಂದ ಕಲ್ಲು ಬೀಸುವವನಿಗೆ ಗುರಾಣಿ ಏಕೆ, ಗುರುಗಳೆ?” ಪ್ರಶ್ನೆ ನ್ಯಾಯವಾದುದೇ. ಕತ್ತಿಯವನಿಗೆ ಗುರಾಣಿ ಬೇಕು, ಈಟಿಯವನಿಗೆ ಬೇಕು. ಅವರು ಶತ್ರುವಿನ ತೋಳಳತೆಯೊಳಗೆ ನಿಲ್ಲುವವರು. ಕವಣೆಗಾರನ ಬಲವೆಲ್ಲ ದೂರದಲ್ಲಿಯೇ ಇರುವಾಗ ಆ ಹೊರೆ ಅವನಿಗೇಕೆ? ಶತ್ರು ಮೈಮೇಲೆ ಬಿದ್ದಾಗ ಕಾಪಾಡಿಕೊಳ್ಳಲೆಂದು ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಅದು ಸುಳ್ಳಲ್ಲ, ಆದರೆ ಅದು ಅರ್ಧ ಉತ್ತರ ಮಾತ್ರ. ಉಳಿದ ಅರ್ಧವು ಅವನ ಎಡಗೈಯಲ್ಲಿದೆ.

ಕವಣೆಯನ್ನು ಬೀಸುವ ಕ್ರಮವನ್ನು ಒಮ್ಮೆ ನೆನೆದುಕೊಳ್ಳೋಣ. ಹುರಿಯ ಒಂದು ತುದಿಯ ಕುಣಿಕೆ ಬಲಗೈಯ ಬೆರಳಿಗೆ ಸಿಕ್ಕಿರುತ್ತದೆ. ಇನ್ನೊಂದು ತುದಿಯನ್ನು ಅದೇ ಕೈಯ ಬೆರಳುಗಳು ಒತ್ತಿ ಹಿಡಿದಿರುತ್ತವೆ. ಎಡಗೈ ಕಲ್ಲನ್ನು ತಂದು ನಡುವಿನ ಅಗಲವಾದ ಪಟ್ಟಿಯಲ್ಲಿಡುತ್ತದೆ, ಹುರಿ ಬಿಗಿಯಾಗುವವರೆಗೆ ಅದನ್ನು ಹಿಡಿದಿರುತ್ತದೆ, ಬಳಿಕ ಬಿಟ್ಟುಬಿಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ತಲೆಯ ಮೇಲೆ ಬೀಸಿ ತಿರುಗಿಸುವುದೂ ತಕ್ಕ ಗಳಿಗೆಯಲ್ಲಿ ತುದಿಯನ್ನು ಸಡಿಲಿಸುವುದೂ ಬಲಗೈಯೊಂದರ ವ್ಯವಹಾರ. ಅಷ್ಟು ಹೊತ್ತು ಎಡಗೈ ಮೈಯ ಮುಂದಕ್ಕೆ ಚಾಚಿ ತೂಕ ಸಮಮಾಡುವುದಲ್ಲದೆ ಬೇರೇನನ್ನೂ ಮಾಡುವುದಿಲ್ಲ. ಹಾಗೆ ಮುಂಚಾಚಿದ ತೋಳಿನ ಮೇಲೆ ಒಂದು ಹಗುರವಾದ ಗುರಾಣಿಯಿದ್ದರೆ ಬೀಸಿಗೆ ಅಡ್ಡಿಯಿಲ್ಲ. ಎದೆಗೆ ಮರೆಯೂ ಆಯಿತು.

ಬಿಲ್ಲುಗಾರನಿಗೆ ಈ ಅನುಕೂಲವಿಲ್ಲ. ಅವನ ಒಂದು ಕೈ ಬಿಲ್ಲನ್ನು ಹಿಡಿದಿರಬೇಕು, ಇನ್ನೊಂದು ಹೆದೆಯನ್ನೆಳೆಯಬೇಕು. ಕ್ರಿ.ಶ. ೪ನೆಯ ಶತಮಾನದ ಅಂತ್ಯದ ಸುಮಾರಿಗೆ ಲ್ಯಾಟಿನ್ ಭಾಷೆಯಲ್ಲಿ ಯುದ್ಧಶಾಸ್ತ್ರದ ಗ್ರಂಥವೊಂದನ್ನು ಬರೆದ ವೆಜೀಷಿಯಸ್ ಎಂಬವನು ಇದನ್ನೇ ಕುರಿತು ಮರುಗುತ್ತಾನೆ. ತನ್ನ ಕಾಲದ ಸೈನಿಕರು ಕವಚ ಶಿರಸ್ತ್ರಾಣಗಳನ್ನು ಭಾರವೆಂದು ತೊರೆದುಬಿಟ್ಟಿರುವುದನ್ನು ಖಂಡಿಸುತ್ತ, ಬಿಲ್ಲಿನ ಜೊತೆಗೆ ಗುರಾಣಿಯನ್ನು ಹಿಡಿಯಲಾರದ ಕಾಲಾಳು ಬಿಲ್ಲುಗಾರನು ಇವೆರಡೂ ಇಲ್ಲದೆ ಏನು ಮಾಡಿಯಾನೆಂದು ಕೇಳುತ್ತಾನೆ. ಕವಣೆಗಾರನ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅವನು ಕವಣೆಯೊಡನೆ ಗುರಾಣಿಯನ್ನೂ ಹಿಡಿಯಬಲ್ಲನು.

ಈ ತರ್ಕ ಸರಿಯೋ ಅಲ್ಲವೋ ಎಂಬುದನ್ನು ಪರೀಕ್ಷಿಸಲು ಅದೇ ವೆಜೀಷಿಯಸನು ಇನ್ನೊಂದು ಸಾಧನವನ್ನೂ ಒದಗಿಸಿದ್ದಾನೆ. ಕವಣೆಗಳಲ್ಲಿ ಕೋಲುಗವಣೆ ಎನ್ನಬಹುದಾದ ಒಂದು ಬಗೆಯನ್ನು ಆತ ವರ್ಣಿಸಿದ್ದಾನೆ. ನಾಲ್ಕಡಿ ಉದ್ದದ ಕೋಲಿಗೆ ತೊಗಲಿನ ಕವಣೆಯನ್ನು ಕಟ್ಟಿ, ಕೋಲನ್ನು ಎರಡು ಕೈಗಳಿಂದಲೂ ಹಿಡಿದು ಬೀಸುವುದು ಅದರ ಕ್ರಮ. ಅದು ಎಸೆಯುವ ಕಲ್ಲು ಯಂತ್ರದಿಂದ ಹೊರಟ ಕಲ್ಲಿಗೆ ಸಮನೆಂದು ಹೇಳುತ್ತಾನೆ. ಮಧ್ಯಯುಗದ ಯುರೋಪಿನಲ್ಲಿ ಈ ಕೋಲುಗವಣೆಗೆ ಕೋಟೆಯ ಮುತ್ತಿಗೆಗಳಲ್ಲಿಯೂ ಹಡಗುಗಳ ಕಾಳಗದಲ್ಲಿಯೂ ಬಳಕೆಯಿದ್ದಿತು. ಗೋಡೆಯ ತೆನೆಗಳ ಹಿಂದೆ, ಹಡಗಿನ ಅಂಚಿನ ಮರೆಯಲ್ಲಿ ನಿಂತವನಿಗೆ ಎರಡು ಕೈಗಳೂ ತೊಡಕಿಕೊಂಡರೆ ಚಿಂತೆಯಿಲ್ಲ. ಬಯಲಿನಲ್ಲಿ ನಿಂತವನಿಗೆ ಮಾತ್ರ ಒಂದು ಕೈ ಬಿಡುವಾಗಿರುವ ಸಾದಾ ಕವಣೆಯೇ ಮೇಲು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಎಡಗೈ ಕಲ್ಲನ್ನು ಇಡಬೇಕಷ್ಟೆ? ಗುರಾಣಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರೆ ಬೆರಳುಗಳು ಕಲ್ಲನ್ನು ಎತ್ತುವುದು ಹೇಗೆ? ಆಕ್ಷೇಪ ಯುಕ್ತವಾದುದು. ಆದುದರಿಂದಲೇ ಕವಣೆಗಾರನಿಗೆ ಒಗ್ಗುವ ಗುರಾಣಿ ಹಗುರವಾಗಿರಬೇಕು, ಮುಂದೋಳಿಗೆ ಪಟ್ಟಿಯಿಂದ ಕಟ್ಟಿದಂತಿರಬೇಕು, ಬೆರಳುಗಳನ್ನು ಬಿಡುವಾಗಿರಿಸಬೇಕು. ಹೀಗೆ ಲೆಕ್ಕಹಾಕಿ ಹೇಳಿದುದಕ್ಕೆ ಹೊಂದುವ ನಿದರ್ಶನವೊಂದು ಪ್ರಾಚೀನ ಗ್ರಂಥದಲ್ಲಿಯೇ ದೊರೆಯುತ್ತದೆ. ಅದು ಬಾಲಿಯಾರಿಕ್ ದ್ವೀಪಗಳ ಕವಣೆಗಾರರದು.

ಸ್ಪೇನ್ ದೇಶದ ಪೂರ್ವಕ್ಕೆ ಮೆಡಿಟರೇನಿಯನ್ ಸಮುದ್ರದಲ್ಲಿರುವ ಈ ದ್ವೀಪಗಳ ಜನರು ಕವಣೆಯಲ್ಲಿ ಲೋಕಪ್ರಸಿದ್ಧರಾಗಿದ್ದರು. ಕ್ರಿಸ್ತಶಕದ ಆದಿಭಾಗದಲ್ಲಿ ಬದುಕಿದ್ದ ಸ್ಟ್ರಾಬೊ ಎಂಬ ಭೂಗೋಳಶಾಸ್ತ್ರಜ್ಞನು ಅವರ ವಿಷಯವಾಗಿ ಹೇಳಿರುವುದು ಸ್ವಾರಸ್ಯವಾಗಿದೆ. ಅವರು ತಲೆಗೆ ಮೂರು ಕವಣೆಗಳನ್ನು ಸುತ್ತಿಕೊಂಡಿರುತ್ತಿದ್ದರು: ದೂರದ ಗುರಿಗೆ ಉದ್ದನೆಯದು, ಹತ್ತಿರದ ಗುರಿಗೆ ಗಿಡ್ಡದು, ನಡುವಿನದಕ್ಕೆ ನಡುವಣದು. ರೊಟ್ಟಿಯನ್ನು ಕವಣೆಗಲ್ಲಿನಿಂದ ಹೊಡೆದು ಕೆಡಹಿದ ಹೊರತು ತಾಯಿಯು ಮಗನಿಗೆ ಅದನ್ನು ತಿನ್ನಲು ಕೊಡುತ್ತಿರಲಿಲ್ಲವಂತೆ. ನಮ್ಮ ತಾಯಂದಿರು ಈ ಶಿಕ್ಷಣಕ್ರಮವನ್ನು ಮೆಚ್ಚುವರೆಂದು ನಮಗೆ ತೋರುವುದಿಲ್ಲ. ಆದರೆ ಅದು ಫಲ ಕೊಟ್ಟುದರಲ್ಲಿ ಸಂದೇಹವಿಲ್ಲ. ಈ ಜನರು ಯುದ್ಧಕ್ಕೆ ಹೊರಡುವಾಗ ತೋಳಿಗೆ ಮೇಕೆಯ ತೊಗಲೊಂದನ್ನು ಸುತ್ತಿಕೊಳ್ಳುತ್ತಿದ್ದರು, ಬೆಂಕಿಯಲ್ಲಿ ಕಾಸಿ ಗಟ್ಟಿಮಾಡಿದ ಮರದ ಈಟಿಯನ್ನು ಹಿಡಿಯುತ್ತಿದ್ದರು ಎಂದು ಸ್ಟ್ರಾಬೊ ಬರೆದಿದ್ದಾನೆ. ತೋಳಿಗೆ ಸುತ್ತಿದ ಆ ಮೇಕೆಯ ತೊಗಲೇ ಅವರ ಗುರಾಣಿ. ಬೆರಳುಗಳು ಬಿಡುವಾಗಿವೆ, ತೂಕವಿಲ್ಲ, ಖರ್ಚಿಲ್ಲ. ಕುರಿಮೇಕೆ ಕಾಯುವವನ ಮನೆಯಲ್ಲಿ ತೊಗಲಿಗೇನು ಕೊರತೆ?

ತೊಗಲಿನಿಂದ ಕಲ್ಲು ನಿಲ್ಲುವುದೆ ಎಂದು ಕೆಲವರು ಕೇಳಬಹುದು. ಇದಕ್ಕೆ ಆ ದ್ವೀಪದವರ ಶತ್ರುಗಳೇ ಸಾಕ್ಷಿ. ಕ್ರಿ.ಪೂ. ೧೨೩ರಲ್ಲಿ ರೋಮಿನ ಸೇನಾಪತಿ ಮೆಟೆಲಸನು ದ್ವೀಪಗಳನ್ನು ಹಿಡಿಯಲು ಹಡಗುಗಳಲ್ಲಿ ಬಂದಾಗ, ಕವಣೆಯೇಟಿನಿಂದ ರಕ್ಷಣೆಗಾಗಿ ಹಡಗಿನ ಅಟ್ಟಗಳ ಮೇಲೆ ತೊಗಲುಗಳನ್ನು ಹರಡಿ ಕಟ್ಟಿಸಿದನೆಂದು ಸ್ಟ್ರಾಬೊವೇ ತಿಳಿಸುತ್ತಾನೆ. ಜೋತಾಡುವ ತೊಗಲು ಏಟಿನೊಡನೆ ಹಿಂದಕ್ಕೆ ಸರಿಯುತ್ತದೆ; ಸರಿಯುತ್ತ ಸರಿಯುತ್ತ ಕಲ್ಲಿನ ವೇಗವನ್ನು ತಿಂದುಹಾಕುತ್ತದೆ. ವೇಗವಾಗಿ ಬಂದ ಚೆಂಡನ್ನು ಹಿಡಿಯುವ ಹುಡುಗನು ಕೈಯನ್ನು ಹಿಂದಕ್ಕೆಳೆದುಕೊಳ್ಳುವುದೂ ಇದೇ ನ್ಯಾಯದಿಂದ.

ಎಡಗೈ ಬಿಡುವಾಗಿದೆಯೆಂದ ಮಾತ್ರಕ್ಕೆ ಯಾರೂ ಅದಕ್ಕೆ ಹೊರೆಯನ್ನು ಹೇರುವುದಿಲ್ಲ. ಮರೆ ಬೇಕಾಗುವಂತಹ ಅಪಾಯವೂ ಇರಬೇಕು. ಕವಣೆಗಾರನಿಗೆ ಎದುರಾಗುತ್ತಿದ್ದ ಅಪಾಯ ಯಾವುದು? ಈ ಪ್ರಶ್ನೆಗೆ ಉತ್ತರ ಕಾಣಲು ಕ್ರಿ.ಪೂ. ೪೦೧ರ ಒಂದು ಪ್ರಸಂಗವನ್ನು ನೋಡಬೇಕು. ಪಾರಸಿಕ ರಾಜ್ಯದ ಒಳನಾಡಿನಲ್ಲಿ ಸಿಕ್ಕಿಬಿದ್ದ ಸುಮಾರು ಹತ್ತು ಸಾವಿರ ಗ್ರೀಕ್ ಸೈನಿಕರು ತಾಯ್ನಾಡಿಗೆ ಮರಳಲು ಹೋರಾಡುತ್ತ ನಡೆದ ಕಥೆಯನ್ನು, ಅವರಲ್ಲೊಬ್ಬನಾಗಿದ್ದ ಝೆನೊಫನ್ ಬರೆದಿಟ್ಟಿದ್ದಾನೆ. ಒಂದು ದಿನ ಶತ್ರುವಿನ ೨೦೦ ಕುದುರೆಸವಾರರೂ ೪೦೦ ಮಂದಿ ಬಿಲ್ಲುಗಾರ ಕವಣೆಗಾರರೂ ಅವರನ್ನು ಬೆನ್ನಟ್ಟಿ ಬಂದರು. ಗ್ರೀಕರ ಕಡೆಯ ಕ್ರೀಟ್ ದ್ವೀಪದ ಬಿಲ್ಲುಗಾರರ ಬಾಣ ಅಷ್ಟು ದೂರಕ್ಕೆ ಮುಟ್ಟಲಿಲ್ಲ; ಮೇಲಾಗಿ ಅವರಿಗೆ ರಕ್ಷಣೆಯ ಸಾಧನವಿಲ್ಲದುದರಿಂದ ಗುರಾಣಿಯ ಕಾಲಾಳುಗಳ ನಡುವೆ ಅಡಗಿ ನಿಲ್ಲಬೇಕಾಯಿತು. ಅಂದು ಇಡೀ ದಿನ ನಡೆದರೂ ಸೇನೆ ಸಾಗಿದುದು ೨೫ ಸ್ಟೇಡಿಯ, ಅಂದರೆ ಐದು ಕಿಲೋಮೀಟರಿಗಿಂತಲೂ ಕಡಿಮೆ.

ಆ ರಾತ್ರಿ ಝೆನೊಫನ್ ಒಂದು ಉಪಾಯ ಸೂಚಿಸಿದನು. ಸೇನೆಯಲ್ಲಿ ರೋಡ್ಸ್ ದ್ವೀಪದವರು ಅನೇಕರಿದ್ದರು. ಅವರಿಗೆ ಕವಣೆ ಬರುತ್ತಿತ್ತು. ಪಾರಸಿಕರ ಕವಣೆಗಾರರು ಮುಷ್ಟಿ ತುಂಬುವಂತಹ ದಪ್ಪ ಕಲ್ಲುಗಳನ್ನೆಸೆದರೆ, ಇವರು ಸೀಸದ ಗುಂಡುಗಳನ್ನು ಬಳಸಿ ಅವರಿಗಿಂತ ಇಮ್ಮಡಿ ದೂರಕ್ಕೆ ಹೊಡೆಯಬಲ್ಲವರು. ಕವಣೆಯುಳ್ಳವರಿಗೆ ಅದರ ಬೆಲೆ ಕೊಟ್ಟು, ಹೊಸದಾಗಿ ಹೆಣೆಯುವವರಿಗೆ ಕೂಲಿ ಕೊಟ್ಟು, ಕವಣೆಗಾರರಾಗಿ ನಿಲ್ಲಲೊಪ್ಪಿದವರಿಗೆ ಬೇರೆ ಕೆಲಸಗಳಿಂದ ವಿನಾಯಿತಿ ನೀಡಬೇಕೆಂದು ಗೊತ್ತಾಯಿತು. ಬೆಳಗಾಗುವುದರೊಳಗೆ ೨೦೦ ಮಂದಿ ಕವಣೆಗಾರರು ಸಿದ್ಧರಾದರು.

ಈ ಪ್ರಸಂಗದಿಂದ ನಮಗೆ ತಿಳಿಯುವುದೇನು? ಕವಣೆಗಾರನಿಗೆ ಎದುರಾಗಿ ಮೊದಲು ನಿಲ್ಲುವವನು ಕತ್ತಿಯವನಲ್ಲ. ಇನ್ನೊಬ್ಬ ಕವಣೆಗಾರ, ಇಲ್ಲವೆ ಬಿಲ್ಲುಗಾರ. ಎರಡು ಸೇನೆಗಳ ಮುಂಚೂಣಿಯ ಹಗುರ ಪಡೆಗಳು ಮೊದಲು ತಮ್ಮತಮ್ಮೊಳಗೆ ಕಾದಾಡುತ್ತವೆ. ಯಾರು ಎದುರಿನ ಕಲ್ಲಿನ ಮಳೆಯನ್ನು ಹೆಚ್ಚು ಹೊತ್ತು ತಡೆದುಕೊಂಡು ನಿಲ್ಲುವರೋ ಅವರ ಕಡೆಯ ದೊಡ್ಡ ಸೇನೆಗೆ ದಾರಿ ಸುಗಮವಾಗುತ್ತದೆ. ದೂರದಲ್ಲಿರುವುದರಿಂದ ಅವನು ನಿರ್ಭಯನೆಂದು ತಿಳಿಯುವುದು ತಪ್ಪು. ಅವನ ಕಲ್ಲು ಎಷ್ಟು ದೂರ ಹೋಗುವುದೋ ಅಷ್ಟೇ ದೂರದಿಂದ ಅವನ ಮೇಲೂ ಕಲ್ಲು ಬರುತ್ತದೆ. ಆ ದೂರವೂ ಅಲ್ಪವಲ್ಲ. ವೆಜೀಷಿಯಸನು ಅಭ್ಯಾಸದ ಗುರಿಯನ್ನು ೬೦೦ ಅಡಿ, ಎಂದರೆ ಸುಮಾರು ೧೭೮ ಮೀಟರು ದೂರದಲ್ಲಿ ನಿಲ್ಲಿಸಬೇಕೆಂದು ವಿಧಿಸಿದ್ದಾನೆ. ಕೇವಲ ದೂರವನ್ನೇ ಲಕ್ಷಿಸಿ ಬೀಸಿದರೆ ಕವಣೆ ಇನ್ನೂ ಎಷ್ಟೋ ಮುಂದೆ ಎಸೆಯಬಲ್ಲದು. ೧೯೮೧ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಒಬ್ಬನು ೫೨ ಗ್ರಾಂ ತೂಕದ ಕಲ್ಲನ್ನು ೪೩೭ ಮೀಟರು ದೂರಕ್ಕೆ ಎಸೆದು ದಾಖಲೆ ಸ್ಥಾಪಿಸಿದನು.

ಅದರಲ್ಲಿಯೂ ಕವಣೆಗುಂಡಿನ ಭಯ ಬೇರೆ ಬಗೆಯದು. ಕ್ರಿ.ಶ. ೧ನೆಯ ಶತಮಾನದಲ್ಲಿ ಸೇನಾಪತಿಗಳಿಗಾಗಿ ಗ್ರೀಕ್ ಭಾಷೆಯಲ್ಲಿ ಪುಸ್ತಕ ಬರೆದ ಒನಸಾಂಡರನು, ಹಗುರ ಪಡೆಗಳ ಆಯುಧಗಳಲ್ಲೆಲ್ಲ ಕವಣೆಯೇ ಘೋರವಾದುದೆನ್ನುತ್ತಾನೆ. ಸೀಸದ ಬಣ್ಣ ಗಾಳಿಯ ಬಣ್ಣವೇ ಆದುದರಿಂದ ಗುಂಡು ಬರುವುದು ಕಣ್ಣಿಗೆ ಕಾಣುವುದಿಲ್ಲ. ಕಾಣದುದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ ಎಂಬುದು ಅವನು ಕೊಡುವ ಕಾರಣ. ಅದೇ ಶತಮಾನದ ವೈದ್ಯಗ್ರಂಥಕಾರ ಸೆಲ್ಸಸನು ಮೈಯೊಳಗೆ ಹೊಕ್ಕು ಕುಳಿತ ಸೀಸದ ಗುಂಡನ್ನೂ ಬೆಣಚುಕಲ್ಲನ್ನೂ ಹೊರತೆಗೆಯುವ ವಿಧಾನವನ್ನು ಬರೆದಿದ್ದಾನೆ. ಅಂತಹ ಗಾಯಾಳುಗಳು ವೈದ್ಯನ ಬಳಿಗೆ ಬರುತ್ತಿದ್ದುದರಿಂದಲೇ ಅದನ್ನು ಬರೆಯಬೇಕಾಯಿತು.

ದೊಡ್ಡವರೂ ಈ ಏಟಿನಿಂದ ತಪ್ಪಿಸಿಕೊಳ್ಳಲಿಲ್ಲ. ಕ್ರಿ.ಪೂ. ೨೧೬ರಲ್ಲಿ ಕ್ಯಾನೆಯ ರಣರಂಗದಲ್ಲಿ ಹ್ಯಾನಿಬಾಲನು ತನ್ನ ಬಾಲಿಯಾರಿಕ್ ಕವಣೆಗಾರರನ್ನು ಮುಂದೆ ಬಿಟ್ಟಿದ್ದನು; ಕಾಳಗ ಆರಂಭವಾದೊಡನೆಯೇ ರೋಮಿನ ಕಾನ್ಸಲ್ ಪೌಲಸನು ಕವಣೆಯೇಟಿನಿಂದ ತೀವ್ರವಾಗಿ ಗಾಯಗೊಂಡನೆಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಕ್ರಿ.ಪೂ. ೫೪ರಲ್ಲಿ ಗಾಲ್ ದೇಶದಲ್ಲಿ ಜೂಲಿಯಸ್ ಸೀಸರನ ಉಪಸೇನಾನಿ ಕೊಟ್ಟನು ತನ್ನವರನ್ನು ಹುರಿದುಂಬಿಸುತ್ತ ನಿಂತಿದ್ದಾಗ ಕವಣೆಗಲ್ಲು ನೇರವಾಗಿ ಮುಖಕ್ಕೇ ಬಡಿಯಿತು. ರಕ್ಷಣೆಯ ಸಾಧನಗಳಿಗೆ ಕೊರತೆಯಿಲ್ಲದ ನಾಯಕರ ಪಾಡೇ ಇದಾದರೆ, ಗಿಡ್ಡ ಅಂಗಿಯಲ್ಲಿ ಮುಂದೆ ನಿಂತವನ ಪಾಡೇನು?

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಗ್ರೀಕರ ಭಾರಿ ಕಾಲಾಳುಗಳು ಭುಜಕ್ಕೆ ಭುಜ ಸೇರಿಸಿ ನಿಲ್ಲುತ್ತಿದ್ದರು. ಒಬ್ಬನ ಎಡತೋಳಿನ ದೊಡ್ಡ ಗುರಾಣಿ ಅವನ ಎಡಮಗ್ಗುಲಿನವನ ಬರಿದಾದ ಬಲಭಾಗವನ್ನೂ ಮರೆಮಾಡುತ್ತಿತ್ತು. ಕ್ರಿ.ಪೂ. ೪೧೮ರ ಮಾಂಟಿನೀಯ ಯುದ್ಧವನ್ನು ವರ್ಣಿಸುವಾಗ ಥುಸಿಡಿಡೀಸನು, ಪ್ರತಿಯೊಬ್ಬನೂ ಬಲಗಡೆಯ ನೆರೆಯವನ ಗುರಾಣಿಗೆ ಆದಷ್ಟು ಒತ್ತಿಕೊಳ್ಳುವುದರಿಂದ ಸೇನೆಗಳು ಮುನ್ನಡೆಯುವಾಗ ಬಲಕ್ಕೆ ಓರೆಯಾಗಿ ಸರಿಯುತ್ತವೆಂದು ಹೇಳಿದ್ದಾನೆ. ಕವಣೆಗಾರನಿಗೆ ಅಂತಹ ನೆರೆಯವನಿಲ್ಲ. ಅವನ ಕವಣೆ ತಿರುಗಲು ಸುತ್ತಲೂ ಜಾಗ ಬೇಕು. ಹತ್ತಿರ ಒಬ್ಬನು ನಿಂತರೆ ಅವನ ತಲೆಗೇ ಅಪಾಯ. ಆದುದರಿಂದಲೇ ಕವಣೆಗಾರರನ್ನು ದಟ್ಟವಾದ ಸಾಲುಗಳ ನಡುವೆಯಾಗಲಿ ಹಿಂದೆಯಾಗಲಿ ನಿಲ್ಲಿಸಬಾರದು, ಎಲ್ಲರಿಗಿಂತ ಮುಂದೆ ಬಿಡಬೇಕು ಎಂದು ಒನಸಾಂಡರನು ಸೇನಾಪತಿಗಳಿಗೆ ಹೇಳುತ್ತಾನೆ. ಅಂದರೆ ಆಯುಧದ ಸ್ವಭಾವವೇ ಅವನನ್ನು ಒಂಟಿಯಾಗಿಯೂ ಮುಂಚಿತವಾಗಿಯೂ ನಿಲ್ಲಿಸುತ್ತದೆ. ನೆರೆಯವನ ಗುರಾಣಿಯ ಮರೆ ಸಿಕ್ಕದವನಿಗೆ ತನ್ನದೇ ಗುರಾಣಿ ಬೇಕು.

ಈಗ ಆ ಹಳೆಯ ಅರ್ಧ ಉತ್ತರಕ್ಕೆ ಬರೋಣ. ಮಡಿಲಿನ ಕಲ್ಲುಗಳು ಮುಗಿಯುತ್ತವೆ; ಕುದುರೆಸವಾರರು ನುಗ್ಗಿ ಬರುತ್ತಾರೆ; ಹಿಂದೆ ಸರಿಯಬೇಕಾಗುತ್ತದೆ, ಇಲ್ಲವೆ ಚೆದರಿದ ಶತ್ರುವಿನ ಬೆನ್ನಟ್ಟಬೇಕಾಗುತ್ತದೆ. ಆಗ ಕವಣೆ ಕೆಲಸಕ್ಕೆ ಬಾರದು. ಬಾಲಿಯಾರಿಕ್ ದ್ವೀಪದವನ ಕೈಯಲ್ಲಿ ಈಟಿಯಿದ್ದುದು ಇದಕ್ಕಾಗಿಯೇ. ರೋಮನರ ಸೇನೆಯಲ್ಲಿ ಎಸೆಯುವ ಈಟಿಗಳೊಡನೆ ಮುಂದೆ ನಿಲ್ಲುತ್ತಿದ್ದ ವೆಲೈಟ್ ಎಂಬ ಹಗುರ ಪಡೆಯವರಿಗೆ ಕತ್ತಿಯೊಡನೆ ಮೂರಡಿ ಅಡ್ಡಳತೆಯ ದುಂಡು ಗುರಾಣಿಯೂ ಇದ್ದಿತೆಂದು ಪಾಲಿಬಿಯಸನು ತಿಳಿಸುತ್ತಾನೆ. ದೂರದಿಂದ ಹೊಡೆದು ಹತ್ತಿರಕ್ಕೂ ಸಿದ್ಧನಾಗಿರಬೇಕಾದವನ ಸಜ್ಜು ಅದು.

ಈ ಪದ್ಧತಿ ಮಧ್ಯಯುಗದಲ್ಲಿಯೂ ಮುಂದುವರಿಯಿತು. ಕಾನ್‌ಸ್ಟಾಂಟಿನೋಪಲಿನಲ್ಲಿ ಕ್ರಿ.ಶ. ೯೬೩ರಿಂದ ೯೬೯ರವರೆಗೆ ಆಳಿದ ನಿಕೆಫೊರಸ್ ಫೋಕಾಸ್ ಚಕ್ರವರ್ತಿಯ ಹೆಸರಿನಲ್ಲಿರುವ ಯುದ್ಧಗ್ರಂಥವು ಕಾಲಾಳು ಬಿಲ್ಲುಗಾರನ ಸಜ್ಜನ್ನು ಒಂದೊಂದಾಗಿ ಎಣಿಸುತ್ತದೆ: ಎರಡು ಬಿಲ್ಲು, ನಾಲ್ಕು ಹೆದೆ, ಒಂದರಲ್ಲಿ ೪೦ ಇನ್ನೊಂದರಲ್ಲಿ ೬೦ ಬಾಣಗಳುಳ್ಳ ಎರಡು ಬತ್ತಳಿಕೆ, ಕತ್ತಿ, ಕೊಡಲಿ, ಸಣ್ಣದೊಂದು ಕೈಗುರಾಣಿ, ಸೊಂಟದ ಪಟ್ಟಿಯಲ್ಲಿ ಕವಣೆ. ಬಿಲ್ಲೆಳೆಯುವಾಗ ಹಿಡಿಯಲಾಗದ ಗುರಾಣಿಯನ್ನೂ ಅವನು ಹೊತ್ತಿರಬೇಕು. ಬಿಲ್ಲನ್ನು ಬಿಟ್ಟು ಕವಣೆಗೋ ಕತ್ತಿಗೋ ಕೈಹಾಕಿದಾಗ ಎಡಗೈ ಬಿಡುವಾಗುತ್ತದಷ್ಟೆ!

ಹಾಗೆಂದು ಕವಣೆಗಾರರೆಲ್ಲರೂ ಗುರಾಣಿ ಹಿಡಿದಿದ್ದರೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಇಂದಿನ ತುರ್ಕಿಯ ದಕ್ಷಿಣ ತೀರದ ಬಳಿಯಿದ್ದ ಆಸ್ಪೆಂಡಸ್ ನಗರದ ಪ್ರಾಚೀನ ಬೆಳ್ಳಿಯ ನಾಣ್ಯಗಳ ಮೇಲೆ ಕವಣೆಗಾರನ ಸುಂದರವಾದ ಚಿತ್ರವಿದೆ; ಅವನಲ್ಲಿ ಗುರಾಣಿಯಿಲ್ಲ. ಅಸ್ಸೀರಿಯದ ಅರಸು ಸೆನಾಕೆರಿಬನು ಕ್ರಿ.ಪೂ. ೭೦೧ರಲ್ಲಿ ಲಾಕಿಷ್ ಪಟ್ಟಣವನ್ನು ಮುತ್ತಿದುದರ ಶಿಲ್ಪಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅಲ್ಲಿ ಕವಣೆಗಾರರು ಬಿಲ್ಲುಗಾರರ ಹಿಂದೆ ನಿಂತಿದ್ದಾರೆ; ಅವರಿಗೂ ಗುರಾಣಿಯಿಲ್ಲ, ಆದರೆ ಮೊನೆಯಾದ ಶಿರಸ್ತ್ರಾಣವೂ ಮೈಕವಚವೂ ಇವೆ. ಬೈಬಲಿನ ಕಥೆಯಲ್ಲಿ ಕುರುಬರ ಹುಡುಗ ದಾವೀದನು ಅರಸನ ಕವಚವನ್ನು ತೊಟ್ಟುನೋಡಿ ಕಳಚಿಟ್ಟು, ಕೋಲು, ಕವಣೆ, ಐದು ನುಣುಪು ಕಲ್ಲುಗಳೊಡನೆ ದೈತ್ಯನಾದ ಗೊಲಿಯಾತನ ಮುಂದೆ ಹೋದನು. ಅದು ಒಬ್ಬನೊಡನೆ ಒಬ್ಬನ ಕಾಳಗ. ಎದುರಾಳಿಯ ಕೈಯಲ್ಲಿ ಕವಣೆಯಿರಲಿಲ್ಲ. ಹೀಗೆ ಗುರಾಣಿಯಿಲ್ಲದ ಕಡೆ ಬೇರೊಂದು ಕಾರಣವೋ ಬೇರೊಂದು ರಕ್ಷಣೆಯೋ ಅನೇಕ ವೇಳೆ ಕಂಡುಬರುತ್ತದೆ: ಕವಚ, ಗೋಡೆ, ಮುಂದಿನವರ ಮರೆ.

ಆದರೆ ಯಾವ ರಕ್ಷಣೆಯೂ ಇಲ್ಲದೆ ನಿಂತವರೂ ಇದ್ದರು. ಝೆನೊಫನನೇ ಬರೆದ ಇನ್ನೊಂದು ಪುಸ್ತಕವುಂಟು; ಪಾರಸಿಕ ಚಕ್ರವರ್ತಿ ಸೈರಸನ ಜೀವನವನ್ನು ಆದರ್ಶ ರಾಜನೊಬ್ಬನ ಕಥೆಯಂತೆ ಹೆಣೆದು ಹೇಳುವ ಗ್ರಂಥವದು. ಸೋತು ಶರಣಾದವರ ಆಯುಧಗಳನ್ನು ಕಿತ್ತುಕೊಂಡ ಮೇಲೆ ಅವರಿಗೆಲ್ಲ ಕವಣೆಯ ಅಭ್ಯಾಸವನ್ನು ಕಡ್ಡಾಯಮಾಡಿದನೆಂದು ಅಲ್ಲಿ ಹೇಳಿದೆ. ಕಾರಣ, ಅದು ಆಳುಗಳಿಗೆ ತಕ್ಕ ಆಯುಧವೆಂಬ ಭಾವನೆ. ಬೇರೆ ಪಡೆಗಳ ಜೊತೆಗಿದ್ದಾಗ ಕವಣೆಗಾರರಿಂದ ಬಹಳ ಉಪಕಾರವಾಗುವುದುಂಟು. ಆದರೆ ಅವರಷ್ಟಕ್ಕೇ ಬಿಟ್ಟರೆ, ಹತ್ತಿರದ ಆಯುಧಗಳೊಡನೆ ನುಗ್ಗುವ ಕೆಲವೇ ಮಂದಿಯ ಮುಂದೆ ಅಷ್ಟು ಮಂದಿಯೂ ನಿಲ್ಲಲಾರರು ಎಂದೂ ಅಲ್ಲಿಯೇ ಹೇಳಿದೆ. ಈ ಮಾತಿನ ಒಳಗನ್ನು ನಾವು ವಿಚಾರಿಸಬೇಕು. ಕವಣೆಯನ್ನು ಕೊಟ್ಟು ಗುರಾಣಿಯನ್ನು ಕೊಡದಿದ್ದರೆ ಆ ಮನುಷ್ಯನಿಂದ ಕೆಲಸ ಮಾಡಿಸಿಕೊಂಡಂತೆಯೂ ಆಯಿತು, ಅವನು ಒಡೆಯನಿಗೆ ಎದುರುನಿಲ್ಲದಂತೆಯೂ ಆಯಿತು. ಅವನು ಸತ್ತರೆ ನಷ್ಟವಿಲ್ಲ. ಕಲ್ಲು ಹೊಲದಲ್ಲಿ ಸಿಗುತ್ತದೆ, ಹುರಿ ಮನೆಯಲ್ಲಿ ಹೊಸೆಯುತ್ತಾರೆ, ಆಳು ಇನ್ನೊಬ್ಬ ಬರುತ್ತಾನೆ.

ಈ ದೃಷ್ಟಿಯಿಂದ ನೋಡಿದರೆ ಗುರಾಣಿಯ ಪ್ರಶ್ನೆ ಕೇವಲ ಆಯುಧದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕವಣೆಗಾರರಲ್ಲಿ ಬಹುಮಂದಿ ಬಡವರು, ದನ ಕುರಿ ಕಾಯುವ ಗುಡ್ಡಗಾಡಿನವರು, ದ್ವೀಪವಾಸಿಗಳು. ಅವರ ಕೌಶಲವನ್ನು ರಾಜರು ಕೂಲಿಗೆ ಕೊಂಡರು. ಕ್ರಿ.ಪೂ. ೧೮೯ರಲ್ಲಿ ಸೇಮಿ ಪಟ್ಟಣದ ಮುತ್ತಿಗೆಗೆ ರೋಮನರು ಗ್ರೀಸಿನ ಮೂರು ಊರುಗಳಿಂದ ನೂರು ಮಂದಿ ಕವಣೆಗಾರರನ್ನು ಕರೆಸಿಕೊಂಡರೆಂದು ಲಿವಿ ಹೇಳುತ್ತಾನೆ. ಚಿಕ್ಕಂದಿನಿಂದ ಕಡಲತೀರದ ದುಂಡುಗಲ್ಲುಗಳನ್ನು ಸಮುದ್ರಕ್ಕೆ ಬೀಸಿ ಬೀಸಿ ಕಲಿತ ಅವರು ಶತ್ರುವಿನ ತಲೆಗಷ್ಟೇ ಅಲ್ಲ, ಮುಖದ ಯಾವ ಭಾಗಕ್ಕೆ ಬೇಕೋ ಆ ಭಾಗಕ್ಕೇ ಹೊಡೆಯಬಲ್ಲವರಾಗಿದ್ದರಂತೆ. ಅವರಲ್ಲಿ ಒಬ್ಬನ ಹೆಸರೂ ನಮಗೆ ಉಳಿದು ಬಂದಿಲ್ಲ. ಇತಿಹಾಸದ ಪುಟಗಳಲ್ಲಿ ಏಟು ತಿಂದ ಪೌಲಸನ ಹೆಸರಿದೆ, ಕೊಟ್ಟನ ಹೆಸರಿದೆ. ಏಟು ಕೊಟ್ಟವನ ಹೆಸರಿಲ್ಲ. ಆದುದರಿಂದ ಅವರ ಬದುಕನ್ನು ಅರಿಯಲು ಅವರು ಹಿಡಿದ ವಸ್ತುಗಳನ್ನೇ ಕೇಳಬೇಕಾಗಿದೆ. ಸ್ತಂಭದ ಮೇಲಿನ ಗುರಾಣಿಯೂ ತೋಳಿನ ಮೇಲಿನ ಮೇಕೆಯ ತೊಗಲೂ ಒಂದು ಮಾತನ್ನು ಹೇಳುತ್ತವೆ: ಈತನು ಕಲ್ಲು ಬೀಸಿ ಸಾಯಲು ಬಂದವನಲ್ಲ, ಕೆಲಸ ಮುಗಿಸಿ ಮನೆಗೆ ಹಿಂದಿರುಗಲೆಂದು ಬಂದವನು. ಒಡೆಯನು ಗುರಾಣಿ ಕೊಟ್ಟಿದ್ದರೆ ಅವನ ಪ್ರಾಣಕ್ಕೆ ಸೇನೆಯಲ್ಲಿ ಬೆಲೆಯಿತ್ತೆಂದು ಅರ್ಥ. ಕೊಡದಿದ್ದಲ್ಲಿ ತಾನೇ ಮೇಕೆಯ ತೊಗಲನ್ನು ಸುತ್ತಿಕೊಂಡಿದ್ದರೆ, ಅವನ ಪ್ರಾಣಕ್ಕೆ ಅವನಾದರೂ ಬೆಲೆ ಕೊಟ್ಟಿದ್ದನೆಂದು ಅರ್ಥ.

ಮನೆಯಲ್ಲಿ ಮಕ್ಕಳಿಗೆ ಇತಿಹಾಸವನ್ನು ಓದಿಸುವ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಇಸವಿಗಳನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ ಚಿತ್ರದಲ್ಲಿರುವ ಮನುಷ್ಯನ ಕೈಗಳನ್ನು ನೋಡಲು ಕಲಿಸಿರಿ. ಯಾವ ಕೈ ಏನು ಮಾಡುತ್ತಿದೆ, ಯಾವ ಕೈ ಬಿಡುವಾಗಿದೆ, ಅವನ ಪಕ್ಕದಲ್ಲಿ ಯಾರಿದ್ದಾರೆ, ಎದುರಿನಿಂದ ಏನು ಬರುತ್ತಿದೆ ಎಂದು ಕೇಳಿರಿ. ಊರಿನಲ್ಲಿ ಕವಣೆ ಬೀಸಬಲ್ಲ ಹಿರಿಯರು ಇನ್ನೂ ಇದ್ದರೆ, ಕೊಯ್ಲಾದ ಬಯಲು ಹೊಲದಲ್ಲಿ, ಎದುರಿಗೂ ಸುತ್ತಲೂ ಯಾರೂ ಇಲ್ಲದುದನ್ನು ನೋಡಿಕೊಂಡು, ಮಣ್ಣಿನ ಹೆಂಟೆಯಿಂದ ಒಮ್ಮೆ ಬೀಸಿ ತೋರಿಸುವಂತೆ ಅವರನ್ನು ಕೇಳಿಕೊಳ್ಳಿರಿ. ಮಕ್ಕಳ ಕಣ್ಣೆಲ್ಲ ಬಲಗೈಯ ಮೇಲೆಯೇ ಇರುತ್ತದೆ. ಎಡಗೈಯನ್ನು ತೋರಿಸುವ ಕೆಲಸ ನಿಮ್ಮದು.